ನಾಲ್ಕೂವರೆ ಗಂಟೆಯ ನಂತರ ಕನ್ನಡದ ಮಗು ಎಲ್ಲಿರುತ್ತದೆ?



ಒಂದು ಪ್ರಶ್ನೆ ಕೇಳುತ್ತೇವೆ, ಸಿಟ್ಟಾಗಬೇಡಿ. ನಿಮ್ಮ ಬಡಾವಣೆಯ ಕನ್ನಡ ಸಂಘದ ಕೋಣೆಯ ಬೀಗವನ್ನು ಕೊನೆಯ ಸಲ ತೆಗೆದದ್ದು ಯಾವಾಗ? ರಾಜ್ಯೋತ್ಸವದ ಚಂದಾ ಎಣಿಸುವಾಗ ತಾನೇ? ಅದಕ್ಕೆ ಮೊದಲು? ಯಾರೋ ಮಂತ್ರಿ ಬರುತ್ತಾನೆಂದು ಕುರ್ಚಿ ಹೊರಗೆ ತೆಗೆದಾಗ. ವರ್ಷದ ಉಳಿದ ದಿನ ಆ ಕೋಣೆಯಲ್ಲಿ ಇರುವುದು ಧೂಳು ಹಿಡಿದ ಭುವನೇಶ್ವರಿಯ ಪಟ, ಮಡಿಸಿಟ್ಟ ಶಾಮಿಯಾನ ಮತ್ತು ಕಳೆದ ವರ್ಷದ ಬ್ಯಾನರ್.

ನಿಮ್ಮನ್ನು ಮಾತ್ರ ಅನ್ನುತ್ತಿಲ್ಲ. ತಪ್ಪು ನಮ್ಮದೂ ಇದೆ. ಒಂದು ಅಕ್ಟೋಬರ್ ಕೊನೆಯ ಸಂಜೆ ನಮ್ಮ ಸಂಘದ ಕಚೇರಿಯ ಮೆಟ್ಟಿಲ ಮೇಲೆ ಹತ್ತು ಹನ್ನೊಂದು ವರ್ಷದ ಹುಡುಗಿಯೊಬ್ಬಳು ಕೂತಿದ್ದಳು. ಪಕ್ಕದಲ್ಲಿ ಅವಳ ಪುಟ್ಟ ತಮ್ಮ. ತೊಡೆಯ ಮೇಲೆ ಲೆಕ್ಕದ ಪುಸ್ತಕ, ತಲೆಯ ಮೇಲೆ ಬೀದಿ ದೀಪ. ಅಪ್ಪ ಅಮ್ಮ ಯಾದಗಿರಿ ಕಡೆಯಿಂದ ಬಂದವರು, ಹತ್ತಿರದ ಕಟ್ಟಡದಲ್ಲಿ ಗಾರೆ ಕೆಲಸ. ರಾತ್ರಿ ಎಂಟಕ್ಕೆ ಮುಂಚೆ ಬರುವುದಿಲ್ಲ. "ಅಣ್ಣಾ, ಒಳಗ ಲೈಟ್ ಐತಲ್ಲಾ, ಕೂಡಲೇನು?" ಎಂದು ಕೇಳಿದಳು. ನಾವು ಧ್ವಜಸ್ತಂಭಕ್ಕೆ ಬಣ್ಣ ಹೊಡೆಸುವ ಗಡಿಬಿಡಿಯಲ್ಲಿದ್ದೆವು. "ಆಮೇಲೆ ಬಾರಮ್ಮ, ಈಗ ಕೆಲಸ ಇದೆ" ಎಂದೆವು. ಬಣ್ಣದ ಕೆಲಸ ಮುಗಿಯಿತು, ಬೀಗ ಹಾಕಿದೆವು, ಹೊರಟೆವು. ಅವಳು ಅಲ್ಲೇ ಕೂತಿದ್ದಳು.

ಆ ಸಂಜೆ ನಾವು ಕನ್ನಡದ ಕೆಲಸ ಮಾಡುತ್ತಿದ್ದೇವೆ ಎಂದುಕೊಂಡಿದ್ದೆವು. ಕನ್ನಡ ಮೆಟ್ಟಿಲ ಮೇಲೆ ಕೂತು ಲೆಕ್ಕ ಬಿಡಿಸುತ್ತಿತ್ತು!

ಸರ್ಕಾರದ ಭಾಷೆಯಲ್ಲಿ 'ಶಾಲೆ ಬಿಟ್ಟ ಮಕ್ಕಳು' ಎಂದರೆ ಶಾಲೆಗೆ ಶಾಶ್ವತವಾಗಿ ಬೆನ್ನು ತಿರುಗಿಸಿದವರು. ಅವರಿಗೆ ಸಮೀಕ್ಷೆ ಇದೆ, ಯೋಜನೆ ಇದೆ, ಸಭೆ ಇದೆ. ಆದರೆ ಪ್ರತಿದಿನ ಸಂಜೆ ನಾಲ್ಕೂವರೆಗೆ ಗಂಟೆ ಹೊಡೆದಾಗ ಶಾಲೆ ಬಿಟ್ಟು ಬರುವ ಲಕ್ಷಾಂತರ ಮಕ್ಕಳು ಎಲ್ಲಿಗೆ ಹೋಗುತ್ತಾರೆ ಎಂದು ಕೇಳುವ ಇಲಾಖೆ ಯಾವುದಿದೆ?

ಲೆಕ್ಕ ಹಾಕೋಣ. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 8ನೇ ತರಗತಿಗೆ ವರ್ಷಕ್ಕೆ ಕನಿಷ್ಠ 220 ದಿನ, 1000 ಗಂಟೆ ಪಾಠ ನಡೆಯಬೇಕೆಂದು ಹೇಳುತ್ತದೆ. 1ರಿಂದ 5ನೇ ತರಗತಿಗೆ 200 ದಿನ, 800 ಗಂಟೆ. ವರ್ಷದಲ್ಲಿರುವುದು 8760 ಗಂಟೆ. ದಿನಕ್ಕೆ ಒಂಬತ್ತು ಗಂಟೆ ನಿದ್ದೆ ಕಳೆದರೂ ಮಗು ಎಚ್ಚರವಾಗಿರುವುದು 5475 ಗಂಟೆ. ಅದರಲ್ಲಿ ಪಾಠದ 1000 ತೆಗೆಯಿರಿ. ಉಳಿಯುವುದು 4475. ಅಂದರೆ ಮೇಷ್ಟರ ಕೈಯಲ್ಲಿ ಮಗು ಒಂದು ಪಾಲು ಇದ್ದರೆ, ಬೀದಿ, ಮೊಬೈಲು, ಟೀವಿ, ಕೆಲಸ, ಒಂಟಿತನಗಳ ಕೈಯಲ್ಲಿ ನಾಲ್ಕು ಪಾಲಿಗಿಂತ ಹೆಚ್ಚು ಇರುತ್ತದೆ. ಆ ಒಂದು ಪಾಲಿಗಾಗಿ ನಾವು ನಲವತ್ತು ವರ್ಷಕ್ಕೂ ಮೀರಿ ಹೋರಾಡಿದ್ದೇವೆ. ಉಳಿದ ನಾಲ್ಕು ಪಾಲಿನ ಬಗ್ಗೆ ಒಂದು ಕರಪತ್ರವನ್ನಾದರೂ ಹಂಚಿದ್ದೇವೆಯೇ?

ಕಾನೂನು ಆ ಸಂಜೆಯನ್ನು ಮರೆತಿಲ್ಲ ಎಂಬುದೇ ಇನ್ನೂ ದೊಡ್ಡ ವ್ಯಂಗ್ಯ. 2016ರಲ್ಲಿ ಬಾಲಕಾರ್ಮಿಕ ಕಾಯ್ದೆಗೆ ತಿದ್ದುಪಡಿ ಬಂತು. ಹದಿನಾಲ್ಕರೊಳಗಿನ ಮಗುವನ್ನು ಯಾವ ಕೆಲಸಕ್ಕೂ ಹಚ್ಚಬಾರದು ಎಂದಿತು. ಒಳ್ಳೆಯದೇ. ಜೊತೆಗೊಂದು ಕಿಂಡಿಯನ್ನೂ ಬಿಟ್ಟಿತು: ಅಪಾಯಕಾರಿ ಅಲ್ಲದ ಕೆಲಸವಾದರೆ, ಮನೆಯವರ ಕಸುಬಿನಲ್ಲಿ, ಶಾಲೆಯ ಸಮಯದ ನಂತರ ಮತ್ತು ರಜೆಯಲ್ಲಿ ಮಗು ನೆರವಾಗಬಹುದು. ನೋಡಿದಿರಾ? 'ಶಾಲೆಯ ನಂತರ' ಎಂಬ ಮಾತು ನಮ್ಮ ಕಾನೂನಿನಲ್ಲಿ ಮಗುವಿನ ದುಡಿಮೆಗೆ ಸಿಕ್ಕಿದೆ. ಮಗುವಿನ ಆಟಕ್ಕೆ, ಓದಿಗೆ, ಹಾಡಿಗೆ, ನಾಟಕಕ್ಕೆ ಶಾಲೆಯ ನಂತರ ಇಷ್ಟು ಹೊತ್ತು, ಇಂಥ ಜಾಗ ಎಂದು ಹಕ್ಕು ಕೊಡುವ ಸಾಲು ಎಲ್ಲಿದೆ?

ದುಡ್ಡಿದ್ದವರ ಮನೆಯ ಮಗುವಿಗೆ ಈ ಚಿಂತೆಯಿಲ್ಲ. ಅದಕ್ಕೆ ಸೋಮವಾರ ಕರಾಟೆ, ಮಂಗಳವಾರ ಕೀಬೋರ್ಡ್, ಬುಧವಾರ ಅಬ್ಯಾಕಸ್, ವಾರವಿಡೀ ಟ್ಯೂಷನ್. ಅಲ್ಲೆಲ್ಲ ಮಾತು ಇಂಗ್ಲಿಷಿನಲ್ಲಿ. ದುಡ್ಡಿಲ್ಲದ ಮಗುವಿಗೆ ಸಂಜೆ ಎಂದರೆ ತಮ್ಮನನ್ನು ಎತ್ತಿಕೊಳ್ಳುವುದು, ನಲ್ಲಿಗೆ ಪಾಳಿ ನಿಲ್ಲುವುದು, ಅಮ್ಮನ ಇಡ್ಲಿ ಗಾಡಿಗೆ ಚಟ್ನಿ ರುಬ್ಬುವುದು. ಇಬ್ಬರೂ ಬೆಳಿಗ್ಗೆ ಒಂದೇ ಪರೀಕ್ಷೆ ಬರೆಯಬೇಕು. ಫಲಿತಾಂಶ ಬಂದಾಗ ನಾವು ಸರ್ಕಾರಿ ಶಾಲೆಯ ಮೇಷ್ಟರನ್ನು ಬೈಯುತ್ತೇವೆ. ಓಟದ ಗೆಲುವು ಸೋಲು ತೀರ್ಮಾನವಾದದ್ದು ಶಾಲೆಯಲ್ಲಲ್ಲ, ಸಂಜೆಯಲ್ಲಿ.

ಇದರಲ್ಲಿ ಭಾಷೆಯ ಮಾತು ಎಲ್ಲಿ ಬಂತು ಎನ್ನುತ್ತೀರಾ? ಅಲ್ಲೇ ಇದೆ. ಮಗು ಪರೀಕ್ಷೆ ಬರೆಯುವ ಭಾಷೆ ಅದರ ಭಾಷೆಯಾಗುವುದಿಲ್ಲ. ಜಗಳವಾಡುವ, ಆಟಕ್ಕೆ ಗುಂಪು ಕಟ್ಟುವ, ಗುಟ್ಟು ಹೇಳುವ ಭಾಷೆ ಅದರ ಭಾಷೆಯಾಗುತ್ತದೆ. ಬೆಂಗಳೂರಿನ ಒಂದೊಂದು ವಠಾರದಲ್ಲಿ ಕನ್ನಡ, ತೆಲುಗು, ತಮಿಳು, ಉರ್ದು, ಹಿಂದಿ, ಬಂಗಾಳಿ ಆಡುವ ಮಕ್ಕಳಿದ್ದಾರೆ. ಸಂಜೆ ಎರಡು ಗಂಟೆ ಅವರೆಲ್ಲ ಸೇರಿ ಕನ್ನಡದಲ್ಲಿ ಲಗೋರಿ ಆಡಿದರೆ, ಕನ್ನಡದಲ್ಲಿ ನಾಟಕ ಕಟ್ಟಿದರೆ, ಒಂದು ವರ್ಷದಲ್ಲಿ ಅವರು ಕನ್ನಡದ ಮಕ್ಕಳು. ಯಾರೂ ಬೆದರಿಸಬೇಕಿಲ್ಲ, ಯಾರ ಅಂಗಡಿಗೂ ಕಲ್ಲು ಹೊಡೆಯಬೇಕಿಲ್ಲ. ನಾಮಫಲಕದಲ್ಲಿ ಶೇ. 60 ಕನ್ನಡ ಬೇಕೆಂದು ಬೀದಿಗಿಳಿದೆವು, 2024ರಲ್ಲಿ ಕಾನೂನಿಗೆ ತಿದ್ದುಪಡಿಯೂ ಬಂತು. ಸರಿ, ಬೇಕಾಗಿತ್ತು. ಆದರೆ ಆ ಫಲಕ ಓದುವ ಮಕ್ಕಳನ್ನು ಯಾರು ತಯಾರು ಮಾಡುತ್ತಾರೆ?

ಇನ್ನೊಂದು ಮಾತನ್ನೂ ಎದೆಯ ಮೇಲೆ ಕೈಯಿಟ್ಟು ಒಪ್ಪಿಕೊಳ್ಳೋಣ. ಗೋಕಾಕ್ ವರದಿಗಾಗಿ 1982ರಲ್ಲಿ ನಾಡೇ ಎದ್ದು ನಿಂತಿತು. ಅದು ನಮ್ಮ ಹೆಮ್ಮೆ. ಆದರೆ 2014ರಲ್ಲಿ ಸುಪ್ರೀಂ ಕೋರ್ಟು ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಮಾಧ್ಯಮವನ್ನು ರಾಜ್ಯ ಸರ್ಕಾರ ಹೇರುವಂತಿಲ್ಲ ಎಂದಿತು. ಶಾಲೆಯೊಳಗಿನ ಆ ಬಾಗಿಲು ಅರ್ಧ ಮುಚ್ಚಿತು. ಶಾಲೆಯ ಹೊರಗಿನ ಸಂಜೆಗೆ ಯಾವ ಕೋರ್ಟಿನ ತಡೆಯಾಜ್ಞೆಯೂ ಇಲ್ಲ. ಇಂಗ್ಲಿಷ್ ಮಾಧ್ಯಮದ ಮಗುವೂ ಸಂಜೆ ಕನ್ನಡದ ಆಟಕ್ಕೆ ಬರಬಹುದು. ತೆರೆದೇ ಇರುವ ಬಾಗಿಲನ್ನು ಬಿಟ್ಟು ಮುಚ್ಚಿದ ಬಾಗಿಲಿಗೆ ತಲೆ ಚಚ್ಚಿಕೊಳ್ಳುವುದು ಎಂಥ ಹೋರಾಟ?

ಇದು ನಮಗೆ ಹೊಸದೂ ಅಲ್ಲ. ಚಾಮರಾಜಪೇಟೆಯ ಮಕ್ಕಳ ಕೂಟದ ಮುಂದೆ ದಿನಾ ಬಸ್ಸಿನಲ್ಲಿ ಹಾದುಹೋಗುತ್ತೀರಿ. ಅದು ಬರೀ ಸರ್ಕಲ್ಲಿನ ಹೆಸರಲ್ಲ. ಅದನ್ನು 1938ರಲ್ಲಿ ಕಟ್ಟಿದವರು ಆರ್. ಕಲ್ಯಾಣಮ್ಮ. 'ಸರಸ್ವತಿ' ಪತ್ರಿಕೆ ನಡೆಸಿದ ಹೆಣ್ಣುಮಗಳು. ಸ್ವಾತಂತ್ರ್ಯಕ್ಕೂ ಮೊದಲು, ಏಕೀಕರಣಕ್ಕೂ ಮೊದಲು, ಶಾಲೆಯ ಆಚೆ ಮಗುವಿಗೆ ಒಂದು ಜಾಗ ಬೇಕು ಎಂದು ಆ ತಾಯಿಗೆ ಗೊತ್ತಿತ್ತು. ಮೈಸೂರಿನ ರಂಗಾಯಣ ಬೇಸಿಗೆ ಬಂದರೆ ಚಿಣ್ಣರ ಮೇಳ ನಡೆಸುತ್ತದೆ. ಕಬ್ಬನ್ ಪಾರ್ಕಿನಲ್ಲಿ ಬಾಲಭವನ ಇದೆ. ಎಲ್ಲ ಒಳ್ಳೆಯದೇ. ಆದರೆ ಬೇಸಿಗೆ ವರ್ಷಕ್ಕೊಮ್ಮೆ, ಸಂಜೆ ದಿನಾ ಬರುತ್ತದೆ. ಎರಡು ಬಸ್ಸು ಬದಲಿಸಿ ಕಬ್ಬನ್ ಪಾರ್ಕಿಗೆ ಹೋಗಲು ಲಗ್ಗೆರೆಯ ಕೂಲಿಯ ಮಗಳಿಗೆ ಆಗುತ್ತದೆಯೇ?

ಈಗ ಕೆಲವರಿಗೆ ಖಾರವಾಗುವ ಮಾತು. ಕಾವೇರಿಯ ವಿಷಯದಲ್ಲಿ ತಮಿಳುನಾಡಿನೊಡನೆ ನಮ್ಮ ಜಗಳ ಇದ್ದೇ ಇದೆ, ಬಿಡುವುದಿಲ್ಲ. ಆದರೆ ಒಳ್ಳೆಯದು ಎಲ್ಲಿದ್ದರೂ ಕಲಿಯಬೇಕು. ಕೊರೊನಾ ಕಾಲದಲ್ಲಿ ಶಾಲೆ ಮುಚ್ಚಿ ಮಕ್ಕಳು ಓದು ಮರೆತಾಗ, 2021ರ ಅಕ್ಟೋಬರಿನಲ್ಲಿ ಅಲ್ಲಿನ ಸರ್ಕಾರ 'ಇಲ್ಲಂ ತೇಡಿ ಕಲ್ವಿ' ಎಂಬ ಯೋಜನೆ ತಂದಿತು. ಮನೆ ಹುಡುಕಿಕೊಂಡು ಬರುವ ಕಲಿಕೆ ಎಂದು ಅರ್ಥ. ಸುಮಾರು 2 ಲಕ್ಷ ಸ್ವಯಂಸೇವಕರು, ಬಹುಪಾಲು ಹೆಣ್ಣುಮಕ್ಕಳು, ತಮ್ಮ ತಮ್ಮ ಬೀದಿಯಲ್ಲೇ ದಿನಾ ಸಂಜೆ ಒಂದು ಒಂದೂವರೆ ಗಂಟೆ 1ರಿಂದ 8ನೇ ತರಗತಿಯ ಮಕ್ಕಳನ್ನು ಕೂಡಿಸಿಕೊಂಡರು. ಗೌರವಧನ ತಿಂಗಳಿಗೆ 1000 ರೂಪಾಯಿ. ಜಾಗ? ಮನೆಯ ಜಗಲಿ, ಸಮುದಾಯ ಭವನ, ಮರದ ನೆರಳು. ಅರ್ಥಶಾಸ್ತ್ರಜ್ಞ ಕಾರ್ತಿಕ್ ಮುರಳೀಧರನ್ ಮತ್ತು ಸಂಗಡಿಗರು ಅಳೆದು ನೋಡಿದಾಗ, ಮಕ್ಕಳು ಮರಳಿ ಗಳಿಸಿದ ಕಲಿಕೆಯಲ್ಲಿ ಸುಮಾರು ಕಾಲು ಭಾಗ ಈ ಸಂಜೆಯ ಕೂಟದಿಂದಲೇ ಬಂದಿತ್ತು. ಅವರು ತಮ್ಮ ಭಾಷೆಯ ಅಭಿಮಾನವನ್ನು ಸಂಜೆಯ ಪಾಠ ಮಾಡಿದರು. ನಾವು ನಮ್ಮದನ್ನು ಆರ್ಕೆಸ್ಟ್ರಾ ಮಾಡಿದ್ದೇವೆ.

ನಮ್ಮ ಹಳ್ಳಿಗಳಲ್ಲೂ ಒಂದು ಒಳ್ಳೆಯ ಕೆಲಸ ಆಗಿದೆ. 2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಪಂಚಾಯತ್ ರಾಜ್ ಇಲಾಖೆಯ ಕೈಗೆ ಬಂದವು. 2020ರಲ್ಲಿ 'ಓದುವ ಬೆಳಕು' ಎಂದು ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟರು. ಅವು ಈಗ 'ಅರಿವು ಕೇಂದ್ರ'. ಹಳ್ಳಿಯ ಹುಡುಗ ಸಂಜೆ ಅಲ್ಲಿ ಕೂತು ಪುಸ್ತಕ ತಿರುವುತ್ತಾನೆ. ಅದೇ ಹುಡುಗ ಅಪ್ಪನ ಜೊತೆ ಬೆಂಗಳೂರಿಗೆ ಬಂದರೆ ನಮ್ಮ ಸಂಘದ ಮೆಟ್ಟಿಲೇ ಗತಿ!

ನಗರದಲ್ಲಿ ದುಡ್ಡಿಲ್ಲವೇ? ಇದೆ. ನಿಮ್ಮ ಮನೆಯ ಆಸ್ತಿ ತೆರಿಗೆಯ ರಸೀದಿ ತೆಗೆದು ನೋಡಿ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಹೆಸರಿನಲ್ಲಿ ಆಸ್ತಿ ತೆರಿಗೆಯ ಮೇಲೆ ಶೇ. 6 ಗ್ರಂಥಾಲಯ ಕರ ಕಟ್ಟುತ್ತಿದ್ದೀರಿ. ಬಾಡಿಗೆದಾರರೂ ಬಾಡಿಗೆಯಲ್ಲೇ ಅದನ್ನು ತೆತ್ತಿದ್ದೀರಿ. ವಸೂಲಾದ ಕರ ಗ್ರಂಥಾಲಯ ಇಲಾಖೆಗೆ ಸರಿಯಾಗಿ ತಲುಪುತ್ತಿಲ್ಲ ಎಂಬ ದೂರು ಬೆಂಗಳೂರಿನಲ್ಲಿ ವರ್ಷಗಳಿಂದ ಕೇಳಿಬಂದಿದೆ. 2025ರಲ್ಲಿ ಬೆಂಗಳೂರಿಗೆ ಒಂದರ ಬದಲು ಐದು ಪಾಲಿಕೆಗಳಾದವು. ಐವರನ್ನೂ ಕೇಳಿ: ನಮ್ಮ ಶೇ. 6 ಎಲ್ಲಿ? ನಮ್ಮ ವಾರ್ಡಿನ ಗ್ರಂಥಾಲಯದಲ್ಲಿ ಮಕ್ಕಳ ಕೋಣೆ ಎಲ್ಲಿ? ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ ಸಾಕು.

ಸರ್ಕಾರವನ್ನು ಕೇಳೋಣ, ಖಂಡಿತ ಕೇಳೋಣ. ಮೊದಲನೆಯದು, ಸರ್ಕಾರಿ ಶಾಲೆಯ ಅಂಗಳ ಮತ್ತು ಎರಡು ಕೋಣೆ ಸಂಜೆ ಆರೂವರೆಯ ತನಕ ತೆರೆದಿರಬೇಕು. ಎರಡನೆಯದು, ಈ ಹೊರೆಯನ್ನು ಮೇಷ್ಟರ ತಲೆಗೆ ಕಟ್ಟಬಾರದು. ಬಡಾವಣೆಯ ಓದಿದ ಹುಡುಗ ಹುಡುಗಿಯರಿಗೆ ತರಬೇತಿ, ಗೌರವಧನ ಕೊಟ್ಟು ನಡೆಸಬೇಕು. ಮೂರನೆಯದು, ಮಧ್ಯಾಹ್ನ ಬಿಸಿಯೂಟ ಉಂಡ ಹೊಟ್ಟೆ ಐದಕ್ಕೆ ಮತ್ತೆ ಹಸಿಯುತ್ತದೆ. ಒಂದು ಹಿಡಿ ಕಡಲೆ, ಒಂದು ಬಾಳೆಹಣ್ಣು ಕೊಡಬೇಕು.

ಆದರೆ ಸರ್ಕಾರ ಏಳುವ ತನಕ ಕಾಯುವುದೇ? ಕೋಣೆ ನಮ್ಮಲ್ಲಿದೆ. ಬೀಗದ ಕೈ ನಮ್ಮ ಜೇಬಿನಲ್ಲಿದೆ. ಕಾಲೇಜು ಹುಡುಗರೇ, ಕಂಪನಿಗಳಲ್ಲಿ ಕೆಲಸ ಮಾಡುವ ಗೆಳೆಯ ಗೆಳತಿಯರೇ, ಆಟೋ ಓಡಿಸುವ ಅಣ್ಣಂದಿರೇ, ವಾರಕ್ಕೆ ಒಂದು ಸಂಜೆ ಕೊಡಿ. ಹನ್ನೆರಡು ಜನ ಸೇರಿದರೆ ದಿನಕ್ಕೆ ಇಬ್ಬರಂತೆ ಆರು ದಿನ ಕೋಣೆ ತೆರೆದಿರುತ್ತದೆ. ಅರ್ಧ ಗಂಟೆ ಆಟ, ಅರ್ಧ ಗಂಟೆ ಶಾಲೆಯ ಪಾಠ, ಅರ್ಧ ಗಂಟೆ ಕಥೆ ಓದುವುದು, ಉಳಿದದ್ದು ಮಕ್ಕಳಿಗೆ ಬಿಟ್ಟದ್ದು. ಮಕ್ಕಳು ದೊಡ್ಡವರಾದಾಗ ಅವರೇ ಚಿಕ್ಕವರಿಗೆ ಕಲಿಸುವಂತಾಗಲಿ. ಯುವ ನಾಯಕರು ತಯಾರಾಗುವುದು ಹೀಗೆ, ಫ್ಲೆಕ್ಸಿನ ಮೇಲೆ ಮುಖ ಹಾಕಿಸಿಕೊಂಡಲ್ಲ.

ಕೆಲವು ಕಟ್ಟುನಿಟ್ಟು. ಮಗುವಿನ ಜೊತೆ ಒಬ್ಬರೇ ದೊಡ್ಡವರು ಯಾವತ್ತೂ ಇರಬಾರದು. ಇಬ್ಬರು ಇರಬೇಕು, ಅವರಲ್ಲಿ ಒಬ್ಬಳು ಹೆಣ್ಣುಮಗಳಿರಬೇಕು. ಬಾಗಿಲು ಕಿಟಕಿ ತೆರೆದಿರಬೇಕು. ತಂದೆ ತಾಯಿಗೆ ತಿಳಿಸದೆ ಮಗುವನ್ನು ಸೇರಿಸಬಾರದು. ಬೈಗುಳ, ಹೊಡೆತ ಕೂಡದು. ಜಾತಿ ಕೇಳಕೂಡದು, ಮನೆಮಾತು ಹಂಗಿಸಕೂಡದು. ಮುಖ್ಯವಾಗಿ, ಆ ಮಕ್ಕಳನ್ನು ನಮ್ಮ ಮೆರವಣಿಗೆಗೆ, ಧರಣಿಗೆ ಕರೆದೊಯ್ಯಕೂಡದು. ಅವರು ನಮ್ಮ ಸೈನಿಕರಲ್ಲ, ಮಕ್ಕಳು. ಹಳದಿ ಕೆಂಪು ಶಾಲು ಅವರ ಹೆಗಲಿಗೆ ಬೇಡ. ಕನ್ನಡ ಅವರ ನಾಲಗೆಯ ಮೇಲಿದ್ದರೆ ಸಾಕು.

"ಇದರಿಂದ ನಮ್ಮ ಸಂಘಕ್ಕೆ ಏನು ಹೆಸರು ಬರುತ್ತದೆ?" ಎಂದು ಕೇಳುವವರಿದ್ದಾರೆ. ಯಾವ ಹೆಸರೂ ಬರುವುದಿಲ್ಲ. ಪತ್ರಿಕೆಯವರು ಬರುವುದಿಲ್ಲ, ಟೀವಿ ಕ್ಯಾಮರಾ ಬರುವುದಿಲ್ಲ, ಪೊಲೀಸರೂ ಬಂಧಿಸುವುದಿಲ್ಲ. ಹತ್ತು ವರ್ಷ ಕಳೆದ ಮೇಲೆ ಯಾವುದೋ ಬ್ಯಾಂಕಿನ ಕೌಂಟರಿನ ಆಚೆ, ಆಸ್ಪತ್ರೆಯ ವಾರ್ಡಿನಲ್ಲಿ, ಕಚೇರಿಯ ಮೇಜಿನ ಹಿಂದೆ ಒಬ್ಬಳು ತಲೆಯೆತ್ತಿ "ಹೇಳಿ ಅಣ್ಣಾ, ಏನಾಗಬೇಕು?" ಎಂದು ಕನ್ನಡದಲ್ಲಿ ಕೇಳುತ್ತಾಳೆ. ಅಷ್ಟೇ. ಅದಕ್ಕಿಂತ ದೊಡ್ಡ ರಾಜ್ಯೋತ್ಸವ ಯಾವುದಿದೆ?

ನಮ್ಮ ಮೆಟ್ಟಿಲ ಮೇಲೆ ಕೂತಿದ್ದ ಆ ಹುಡುಗಿಯನ್ನು ಆಮೇಲೆ ಹುಡುಕಿದೆವು. ಕಟ್ಟಡ ಮುಗಿದಿತ್ತು, ಶೆಡ್ಡು ಕಿತ್ತಿದ್ದರು, ಆ ಸಂಸಾರ ಎಲ್ಲಿಗೆ ಹೋಯಿತೋ ಯಾರಿಗೂ ಗೊತ್ತಿರಲಿಲ್ಲ. ಅವಳಿಗೆ ನಾವು "ಆಮೇಲೆ ಬಾ" ಎಂದಿದ್ದೆವು. ಮಕ್ಕಳಿಗೆ ಆಮೇಲೆ ಎಂಬುದಿಲ್ಲ, ಗೆಳೆಯರೇ.

ಈಗ ನಮ್ಮ ಕೋಣೆ ಸಂಜೆ ತೆರೆದಿರುತ್ತದೆ. ಇಂದು ನಾಲ್ಕೂವರೆಗೆ ನಿಮ್ಮ ಕೋಣೆಯ ಬೀಗ ತೆಗೆಯಿರಿ.