ಚಪ್ಪಾಳೆಯೂ ಪ್ರಮಾಣವೂ

ಸಭೆಯಲ್ಲಿ ಗೆದ್ದ ಮಾತು ವಿಚಾರದಲ್ಲಿಯೂ ಗೆದ್ದಂತೆಯೇ ಎಂದು ನಮ್ಮ ಮಹಾಜನರು ಭಾವಿಸುತ್ತಿರುವುದು ಶೋಚನೀಯವಾಗಿದೆ. ತತ್ತ್ವನಿರ್ಣಯಕ್ಕಾಗಿ ನಡೆಯುವುದು ವಾದ, ಜಯವನ್ನೇ ಬಯಸುವುದು ಜಲ್ಪ, ಸ್ವಪಕ್ಷವನ್ನು ಸ್ಥಾಪಿಸದೆ ಪರಪಕ್ಷವನ್ನು ಕೆಡಹುವುದು ವಿತಂಡ ಎಂದು ಗೌತಮರ ನ್ಯಾಯಸೂತ್ರಗಳು ಎಂದೋ ವಿಭಾಗಿಸಿವೆ.

ಇಂದಿರಾನಗರದ ಮೆಟ್ರೋ ಮಾರ್ಗದ ವಿವಾದವನ್ನು ವಾಚಕರು ಸ್ಮರಿಸಬಹುದು. ಚಿನ್ಮಯ ಮಿಷನ್ ಆಸ್ಪತ್ರೆ ರಸ್ತೆಯ ವರ್ತಕರು, ಮಾರ್ಗವನ್ನು ಹಳೆಯ ಮದರಾಸು ರಸ್ತೆಗೆ ತಿರುಗಿಸಬೇಕೆಂದು ನ್ಯಾಯಾಲಯದವರೆಗೂ ಹೋದರು. ಇಂಥ ವಿವಾದಗಳಲ್ಲಿ ಒಂದು ಕಡೆ ಜೀವನೋಪಾಯ, ಇನ್ನೊಂದು ಕಡೆ ಪ್ರಗತಿ ಎಂಬ ಶಬ್ದಗಳು ಮೊಳಗುತ್ತವೆ. ಎರಡೂ ಹೃದಯವನ್ನು ಕಲಕತಕ್ಕವು. ಎರಡೂ ತಾವಾಗಿ ಹೇತುವಲ್ಲ. ಯಾವ ರಸ್ತೆಯಲ್ಲಿ ಎಷ್ಟು ಪ್ರಯಾಣಿಕರು ಹತ್ತುವರು, ಎಷ್ಟು ಕಟ್ಟಡಗಳು ಉರುಳುವುವು, ಪರಿಹಾರವೆಷ್ಟು, ಅದು ಕೈಸೇರುವುದೆಂದು ಎಂಬ ಪ್ರಶ್ನೆಗಳ ಉತ್ತರವೇ ಹೇತು. 2011ನೆಯ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಮಹಾತ್ಮಾ ಗಾಂಧಿ ರಸ್ತೆಯವರೆಗೆ ಗಾಡಿ ಓಡಿತು. ಅದರಿಂದ ಅಂಗಡಿ ಕಳೆದುಕೊಂಡವನ ಪ್ರಶ್ನೆ ಸುಳ್ಳಾಗಲಿಲ್ಲ. ಅವನ ಕಣ್ಣೀರಿನಿಂದ ಮಾರ್ಗದ ಲೆಕ್ಕವೂ ತಪ್ಪಾಗಲಿಲ್ಲ.

ವಾಗ್ಮಿತೆಯನ್ನು ನಾವು ಹಳಿಯುವವರಲ್ಲ. ಗಟ್ಟಿಯಾದ ಕಾರಣವೂ ತೊದಲುವವನ ಬಾಯಿಂದ ಹಿಂದಿನ ಸಾಲಿಗೆ ಮುಟ್ಟದು. ಆದುದರಿಂದಲೇ ಕೇಳುವವರ ಹೊಣೆ ದೊಡ್ಡದು. ಭಾಷಣ ಮುಗಿದೊಡನೆ ಅಲಂಕಾರವನ್ನು ಕಳೆದು, ಉಳಿದುದನ್ನು ಕಾಗದದ ಮೇಲೆ ಬರೆದು ನೋಡತಕ್ಕದ್ದು. ತೀರ್ಮಾನ ಕೊಡುವ ಅಧಿಕಾರಿಗಳಂತೂ ಮಾತು ಬಾರದ ಅರ್ಜಿದಾರನ ಹೇತುವನ್ನು ತಾವೇ ಕೇಳಿ ಬಿಡಿಸಿಕೊಳ್ಳಬೇಕು. ಇಂದು ಚಪ್ಪಾಳೆ ತಟ್ಟಿದವರ ಮನೆಯೇ ನಾಳಿನ ನಕ್ಷೆಯಲ್ಲಿ ಇರಬಹುದು.