ಹಿಂದೆ ಉಳಿಯುವವರೇ ಮುಂದೆ ನಡೆಯಲಿ



ರಾಣಿಪುರಂ ಪ್ರವಾಸ ಮುಗಿಸಿ ಬಂದ ಮೇಲೆ ನಮ್ಮ ಯುವಕೂಟದಲ್ಲಿ ಒಂದು ಮಾತು ಓಡಾಡುತ್ತಿದೆ: “ಮುಂದಿನ ವರ್ಷ ಗುಡ್ಡ ಹತ್ತಲು ಆಗುವವರು ಮಾತ್ರ ಬರಲಿ. ಇಲ್ಲದಿದ್ದರೆ ಎಲ್ಲರಿಗೂ ತಡವಾಗುತ್ತದೆ.” ಕೇಳುವಾಗ ಸರಿ ಎನಿಸುತ್ತದೆ. ಆದರೆ ನಾವು ಇದನ್ನು ಒಪ್ಪುವುದಿಲ್ಲ.

ಹೋಗದವರಿಗಾಗಿ ಮೊದಲು ಆ ಜಾಗದ ಬಗ್ಗೆ ಸ್ವಲ್ಪ ಹೇಳಬೇಕು. ರಾಣಿಪುರಂ ಇರುವುದು ನಮ್ಮದೇ ಕಾಸರಗೋಡು ಜಿಲ್ಲೆಯಲ್ಲಿ. ಕಾಞಂಗಾಡಿನಿಂದ ಪೂರ್ವಕ್ಕೆ ಸುಮಾರು 48 ಕಿಲೋಮೀಟರ್. ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರ. ಹಿಂದೆ ಇದರ ಹೆಸರು ಮಾಡತ್ತುಮಲ. 1970ರಲ್ಲಿ ಕೋಟ್ಟಯಂ ಧರ್ಮಪ್ರಾಂತ್ಯ ಇಲ್ಲಿನ ಜಾಗ ಕೊಂಡಾಗ ರಾಣಿ ಮರಿಯಮ್ಮನವರ ನೆನಪಿಗೆ ಈ ಹೊಸ ಹೆಸರು ಬಂತು. ಅರಣ್ಯ ಇಲಾಖೆಯ ಟಿಕೆಟ್ ಪಡೆದೇ ಮೇಲೆ ಹೋಗಬೇಕು. ಮೊದಲು ನೆರಳಿನ ಶೋಲಾ ಕಾಡು, ಕಾಲಿಗೆ ಹತ್ತುವ ಇಂಬಳ. ಆಮೇಲೆ ತೆರೆದ ಹುಲ್ಲಿನ ಗುಡ್ಡ, ನಿಲ್ಲಲು ಬಿಡದ ಗಾಳಿ, ಕೊನೆಗೆ ಬಂಡೆ. ಆಚೆಗೆ ಕೊಡಗಿನ ಕಾಡು. ಚಾರಣ ಬಲ್ಲವರಿಗೆ ಇದು ಸಣ್ಣ ಗುಡ್ಡವೇ. ದಿನವಿಡೀ ಕುಳಿತು ಕೆಲಸ ಮಾಡುವ, ಸ್ಕೂಟರಿನಲ್ಲೇ ಓಡಾಡುವ ನಮ್ಮಂಥವರಿಗೆ ಸಣ್ಣದಲ್ಲ.

ಈಗ ವಾದಕ್ಕೆ ಬರೋಣ. ಗುಡ್ಡದಲ್ಲಿ ಏದುಸಿರು ಬಿಟ್ಟವರನ್ನು “ಆಗದವರು” ಎಂದು ಪಟ್ಟಿಯಿಂದ ತೆಗೆಯುವುದು ವಿಜ್ಞಾನಕ್ಕೂ ಸರಿಹೊಂದುವುದಿಲ್ಲ. 750 ಮೀಟರ್ ಎತ್ತರದಲ್ಲಿ ಆಮ್ಲಜನಕದ ಕೊರತೆ ಹೇಳಿಕೊಳ್ಳುವಷ್ಟಿಲ್ಲ. ಹೆಚ್ಚಿನವರಿಗೆ ಏದುಸಿರು ಬರುವುದು ಏರಿನಿಂದ ಮತ್ತು ಅಭ್ಯಾಸ ಇಲ್ಲದಿರುವುದರಿಂದ. ಕೆಲವು ವಾರ ದಿನಾ ನಡೆದರೆ ಅದೇ ಕಾಲು, ಅದೇ ಎದೆ ಬಹಳ ಸುಧಾರಿಸುತ್ತವೆ. ಬೇಗ ಹತ್ತುವವರಿಗೂ ಇಳಿಜಾರಿನಲ್ಲಿ ಪರೀಕ್ಷೆ ಕಾದಿರುತ್ತದೆ. ಇಳಿಯುವಾಗ ತೊಡೆಯ ಸ್ನಾಯುಗಳು ಭಾರ ಹೊತ್ತೇ ಹಿಗ್ಗಬೇಕು. ಮರುದಿನದ ಕಾಲುನೋವು ಬಹುಪಾಲು ಅದರಿಂದಲೇ. ಒದ್ದೆ ಹುಲ್ಲಿನ ಮೇಲೆ ಓಡಿ ಇಳಿಯುವವನು ಜಾರಿ ಬೀಳುವ ಅಪಾಯವೇ ಹೆಚ್ಚು.

ಇನ್ನೊಂದು ವಿಷಯ, ಅದು ಆನೆಗಳು ಓಡಾಡುವ ಕಾಡು. ಅಲ್ಲಿ ಗುಂಪು ಚದುರಿದರೆ ಎಲ್ಲರಿಗೂ ಅಪಾಯ. ಮುಂದಿನವರು ಅರ್ಧ ಗಂಟೆ ಮೊದಲು ಬಂಡೆ ಮುಟ್ಟಿ ಫೋಟೊ ತೆಗೆದರೆ ಹಿಂದಿನವರಿಗೆ ಏನು ಉಪಕಾರ?

ಎಲ್ಲಕ್ಕಿಂತ ಮುಖ್ಯವಾಗಿ, ಈ ಪಟ್ಟಿಯಿಂದ ಹೊರಗೆ ಉಳಿಯುವವರು ಯಾರು? ವಾರವಿಡೀ ಹೊಲಿಗೆ ಮೆಷಿನಿನ ಮುಂದೆ ಕೂರುವ ಅಕ್ಕ, ಅಂಗಡಿಯ ಕೌಂಟರಿನಲ್ಲಿ ದಿನ ಕಳೆಯುವ ತಮ್ಮ. ಅವರಿಗೆ ವರ್ಷಕ್ಕೆ ಇರುವುದು ಇದೊಂದೇ ಪ್ರವಾಸ. ನಾವು ಉಳಿದುಕೊಂಡ ಸಾದಾ ಕಾಟೇಜಿನಲ್ಲಿ ಟಿವಿ ಇರಲಿಲ್ಲ, ಫೋನಿಗೆ ಸಿಗ್ನಲ್ ಸರಿಯಾಗಿ ಸಿಗಲಿಲ್ಲ. ರಾತ್ರಿ ಗಂಜಿ, ಚಟ್ನಿ, ಉಪ್ಪಿನಕಾಯಿ. ನಮ್ಮ ಸಭೆಗಳಲ್ಲಿ ಬಾಯಿ ಬಿಡದವರು ಅಲ್ಲಿ ಮನೆಯ ಕಷ್ಟ ಹೇಳಿಕೊಂಡರು. ಅವರಲ್ಲಿ ಹೆಚ್ಚಿನವರು ಗುಡ್ಡದಲ್ಲಿ ಹಿಂದೆ ಉಳಿದವರೇ. ಅವರನ್ನು ಬಿಟ್ಟು ಹೋದರೆ ಬೇಗ ಹತ್ತಿ ಬೇಗ ಇಳಿಯಬಹುದು. ಆದರೆ ಅದಕ್ಕೆ ಯುವಕೂಟ ಬೇಕಿಲ್ಲ, ನಾಲ್ಕು ಬೈಕು ಸಾಕು.

ಸಮಯದ ಚಿಂತೆ ಸುಳ್ಳಲ್ಲ. ಕತ್ತಲಾಗುವ ಮೊದಲು ಕಾಡಿನಿಂದ ಹೊರಬರಲೇಬೇಕು. ಆಸ್ತಮಾ, ಹೃದಯದ ತೊಂದರೆ ಇರುವವರು ವೈದ್ಯರನ್ನು ಕೇಳಿಯೇ ಬರಬೇಕು. ಯಾರನ್ನೂ ಹುರಿದುಂಬಿಸಿ ಹತ್ತಿಸಬಾರದು. ಕಾಟೇಜಿನಲ್ಲೇ ಉಳಿಯಲು ಇಷ್ಟಪಡುವವರು ಉಳಿಯಲಿ. ಆದರೆ ಆ ತೀರ್ಮಾನ ಅವರದಾಗಿರಲಿ.

ಅದಕ್ಕೆ ನಮ್ಮ ಸಲಹೆ ಇಷ್ಟು. ಪ್ರವಾಸಕ್ಕೆ ಮೊದಲು ನಾಲ್ಕು ಭಾನುವಾರ ಬಲಿಪೂಜೆಯ ನಂತರ ಒಟ್ಟಿಗೆ ಒಂದು ಗಂಟೆ ನಡೆಯೋಣ. ಗುಡ್ಡದಲ್ಲಿ ನಿಧಾನ ನಡೆಯುವವರು ಎಲ್ಲರಿಗಿಂತ ಮುಂದಿರಲಿ, ಗಟ್ಟಿಗರಿಬ್ಬರು ಕೊನೆಯಲ್ಲಿ ಬರಲಿ. ನೀರಿನ ಬಾಟಲಿಗಳನ್ನು, ಬುತ್ತಿಯನ್ನು ಬಲವಿದ್ದವರು ಹೊರಲಿ. ಬೆಳಿಗ್ಗೆ ಒಂದು ಗಂಟೆ ಬೇಗ ಹೊರಡೋಣ. ವಾಪಸು ತಿರುಗುವ ಹೊತ್ತನ್ನು ಕೆಳಗೇ ನಿಗದಿ ಮಾಡೋಣ. ಬಂಡೆ ಮುಟ್ಟದಿದ್ದರೂ ಆ ಹೊತ್ತಿಗೆ ಎಲ್ಲರೂ ಒಟ್ಟಿಗೆ ತಿರುಗೋಣ.

ಮುಂದಿನ ಸಭೆಯಲ್ಲಿ ಈ ವಿಷಯ ಚರ್ಚೆಗೆ ಬರಲಿದೆ. ನಿಮ್ಮ ವಾಳೆಯ ಯುವಜನರನ್ನು ಕೇಳಿ ಬನ್ನಿ, ಅದರಲ್ಲೂ ಈ ಸಲ ಕೊನೆಗೆ ಮೇಲೆ ತಲುಪಿದವರನ್ನು.