ಪ್ರಯೋಗಕ್ಕೆ ಮುನ್ನಿನ ನಂಬಿಕೆ
ಮನಶ್ಶಾಸ್ತ್ರದ ಸಂಶೋಧನೆಗೆ ತೊಡಗಿರುವ ತರುಣಿಯೊಬ್ಬಳು ಬೇಯ್ಸ್‌ನ ಸಂಖ್ಯಾಶಾಸ್ತ್ರವನ್ನು ಎಲ್ಲಿಂದ ಆರಂಭಿಸಬೇಕೆಂದು ಈ ವಾರ ಕೇಳಿದಾಗ, ಸೂತ್ರವನ್ನು ಬದಿಗಿರಿಸಿ 2011ರ ಒಂದು ವಿವಾದವನ್ನು ಮೊದಲು ಓದೆಂದು ಹೇಳಿದೆನು. ಕಾರ್ನೆಲ್ ವಿಶ್ವವಿದ್ಯಾಲಯದ ಡ್ಯಾರಿಲ್ ಬೆಮ್ ಅವರು, ಇನ್ನೂ ಘಟಿಸದುದನ್ನು ಮನುಷ್ಯನು ಮುಂಚೆಯೇ ಗ್ರಹಿಸಬಲ್ಲನೆಂಬುದಕ್ಕೆ 9 ಪ್ರಯೋಗಗಳನ್ನು ಮುಂದಿಟ್ಟು, ಅವುಗಳಲ್ಲಿ 8 ಪ್ರಯೋಗಗಳು ಸಂಖ್ಯಾಶಾಸ್ತ್ರೀಯ ಮಹತ್ವದ 0.05ರ ರೂಢಿಯ ಪರೀಕ್ಷೆಯಲ್ಲಿ ತೇರ್ಗಡೆಯಾದುವೆಂದು ತೋರಿಸಿದರು. ಆಮ್‌ಸ್ಟರ್‌ಡ್ಯಾಮಿನ ವಾಗೆನ್‌ಮೇಕರ್ಸ್ ಮತ್ತು ಅವರ ಸಂಗಡಿಗರಾದರೋ ಅದೇ ಫಲಿತಾಂಶಗಳನ್ನು ಬೇಯ್ಸ್‌ನ ಕ್ರಮದಿಂದ ತೂಗಿ, ಆ ಸಾಕ್ಷ್ಯವು ಬಹುಮಟ್ಟಿಗೆ ದುರ್ಬಲವೆಂದೂ, ಕೆಲವೆಡೆ ಪ್ರತಿಪಾದನೆಗೆ ವಿರುದ್ಧವೇ ಆಗಿದೆಯೆಂದೂ ನಿರ್ಣಯಿಸಿದರು. ಮುನ್ನಿನ ನಂಬಿಕೆಗೆ ತಕ್ಕಂತೆ ಬೇಕಾಗುವ ಸಾಕ್ಷ್ಯವೂ ಬದಲಾಗುತ್ತದೆ: ನಿನ್ನೆ ಮಳೆ ಬಂದಿತೆಂಬುದಕ್ಕೆ ದಾರಿಹೋಕನೊಬ್ಬನ ಮಾತು ಸಾಕು, ಹೊಳೆಯು ಬೆಟ್ಟವನ್ನೇರಿತೆಂದು ಊರೇ ಬಂದು ನುಡಿದರೂ ಮನಸ್ಸು ತಡೆಯುತ್ತದೆ. ಈ ಸಹಜ ವಿವೇಕಕ್ಕೆ ಗಣಿತದಲ್ಲಿ ಸ್ಥಾನ ಕೊಟ್ಟುದೇ ಬೇಯ್ಸ್ ಮಾರ್ಗದ ಹಿರಿಮೆ. ಪ್ರತಿಪಕ್ಷದವರು ಆರಿಸಿಕೊಂಡ ಪೂರ್ವಸಂಭಾವ್ಯತೆಯೇ, ಅಂದರೆ ಪ್ರಯೋಗಕ್ಕೆ ಮುನ್ನಿನ ನಂಬಿಕೆಯ ಅಳತೆಯೇ, ವಾಸ್ತವಕ್ಕೆ ದೂರವೆಂದು ಬೆಮ್ ಅವರ ಪಕ್ಷ ಆಕ್ಷೇಪಿಸಿತು, ಆ ಆಕ್ಷೇಪ ಹಗುರವಾದುದೂ ಅಲ್ಲ. ಆದರೆ ಅಂಥ ಆಕ್ಷೇಪ ಸಾಧ್ಯವಾದುದು, ನಂಬಿಕೆಯು ಅಂಕಿಯ ರೂಪದಲ್ಲಿ ಕಾಗದದ ಮೇಲೆ ಬಹಿರಂಗವಾಗಿ ನಿಂತಿದ್ದುದರಿಂದಲ್ಲವೆ? ಆದುದರಿಂದ ಹೊಸಬರು ಪ್ರಯೋಗಕ್ಕೆ ಮುನ್ನವೇ ತಮ್ಮ ನಿರೀಕ್ಷೆಯನ್ನು ಬರೆದಿಡಲಿ. ಬಳಿಕ ಬೇರೆ ಬೇರೆ ಪೂರ್ವಸಂಭಾವ್ಯತೆಗಳನ್ನಿಟ್ಟು, ನಿರ್ಣಯವು ಎಷ್ಟರಮಟ್ಟಿಗೆ ಕದಲುತ್ತದೆಂಬುದನ್ನು ಪ್ರಾಮಾಣಿಕವಾಗಿ ವರದಿ ಮಾಡಲಿ.